ಇನ್ನು ಮೇಲೆ ಮಾಡಲಾಗದ ಕೆಲಸಗಳು

1924ರ ಜುಲೈ 1ರಂದು ಜಾರಿಗೆ ಬಂದ ಕಾರ್ಮಿಕರ ಪರಿಹಾರ ಕಾಯ್ದೆ 2010ರಲ್ಲಿ ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯ. ಮಾಲೀಕನ ತಪ್ಪನ್ನು ಸಾಬೀತುಪಡಿಸುವ ಹೊರೆಯನ್ನು ಗಾಯಾಳುವಿನ ಹೆಗಲಿಂದ ಇಳಿಸಿದ್ದು ಅದರ ದೊಡ್ಡ ಉಪಕಾರ. ಆದರೆ ಗಾಯವನ್ನು ಅಳೆದಷ್ಟು ಶ್ರದ್ಧೆಯಿಂದ ದುಡಿಮೆಯನ್ನು ಅಳೆಯಲು ನಾವು ಈ ನೂರು ವರ್ಷಗಳಲ್ಲಿ ಕಲಿಯಲಿಲ್ಲ.

ಹೆಬ್ಬೆರಳು ಹೋದರೆ ಶೇ 30, ತೋರುಬೆರಳು ಹೋದರೆ ಶೇ 14 ಎನ್ನುತ್ತಿತ್ತು ಹಳೆಯ ಕಾಯ್ದೆಯ ಮೊದಲ ಅನುಸೂಚಿ. ಇಂಥ ಪಟ್ಟಿ ಬೇಕಿತ್ತು, ಇಲ್ಲದಿದ್ದರೆ ಒಂದೊಂದು ಬೆರಳಿಗೂ ಜಗಳ ಕಾಯಬೇಕಿತ್ತು. ಆದರೂ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಕೂರುವವಳ ತೋರುಬೆರಳಿಗೂ ಗೇಟು ಕಾಯುವವನ ತೋರುಬೆರಳಿಗೂ ಅಲ್ಲಿ ಒಂದೇ ಬೆಲೆ.

ಈ ಪಟ್ಟಿಯಾಚೆ ನೋಡುವಂತೆ ಮಾಡಿದವನು ಒಡಿಶಾದ ಒಬ್ಬ ಬಡಗಿ. ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತ ಬಿದ್ದು ಎಡಗೈ ಕಳೆದುಕೊಂಡ. ಅವನದು ಭಾಗಶಃ ನಷ್ಟವಷ್ಟೇ ಎಂದು ಮಾಲೀಕರು ವಾದಿಸಿದರು. ಒಂದೇ ಕೈಯಲ್ಲಿ ಮರಗೆಲಸ ಸಾಗದು, ಆದ್ದರಿಂದ ನಷ್ಟ ಪೂರ್ತಿಯದು ಎಂದು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅಪಘಾತದ ಹೊತ್ತಿಗೆ ಮಾಡಬಲ್ಲವನಾಗಿದ್ದ ಕೆಲಸವನ್ನು ಈಗಲೂ ಮಾಡಬಲ್ಲನೇ ಎಂಬ ಪ್ರಶ್ನೆ ಕಾಯ್ದೆಯ ವ್ಯಾಖ್ಯೆಯಲ್ಲೇ ಇತ್ತು. ಅದನ್ನು ಕೇಳಬೇಕಾದ ರೀತಿಯಲ್ಲಿ ಕೇಳಲು ಐವತ್ತು ವರ್ಷ ಹಿಡಿಯಿತು.

ಬೆನ್ನುಮೂಳೆ, ಮಂಡಿಯ ಗಾಯಗಳಲ್ಲಿ ತೊಡಕು ಇನ್ನೂ ಹೆಚ್ಚು. ಅನುಸೂಚಿಯಲ್ಲಿಲ್ಲದ ಗಾಯಕ್ಕೆ ದುಡಿಮೆಯ ನಷ್ಟವನ್ನು ವೈದ್ಯರೇ ಅಂದಾಜು ಮಾಡಬೇಕು. ಸರ್ಟಿಫಿಕೇಟಿನಲ್ಲಿ 'ಶೇ 20' ಎಂದಷ್ಟೇ ಬರೆದುಕೊಟ್ಟರೆ ಅದರಿಂದ ಏನು ತಿಳಿಯುತ್ತದೆ? ಭಾರ ಎತ್ತಬಾರದು, ಕುಕ್ಕರುಗಾಲಲ್ಲಿ ಕೂರಬಾರದು, ಏಣಿ ಹತ್ತಬಾರದು: ಇವನ್ನು ಬಿಡಿಬಿಡಿಯಾಗಿ ಬರೆದರೆ ಮಾತ್ರ ಮಂಡಿಯ ಪೆಟ್ಟು ಹಮಾಲಿಯ ಅನ್ನ ಕಸಿದಿದೆಯೆಂದು ಪರಿಹಾರ ನಿರ್ಧರಿಸುವ ಆಯುಕ್ತರಿಗೆ ಕಾಣುತ್ತದೆ. ಲೆಕ್ಕವನ್ನೇ ನೋಡಿ. ಮೂವತ್ತರ ಹರೆಯದ ಹಮಾಲಿಗೆ 2020ರಲ್ಲಿ ಗೊತ್ತುಪಡಿಸಿದ ಗರಿಷ್ಠ ವೇತನ 15,000 ರೂಪಾಯಿ ಹಿಡಿಯೋಣ. ಅದರ ಶೇ 60, ಅಂದರೆ 9,000. ವಯಸ್ಸಿನ ಗುಣಕ 207.98. ಪೂರ್ತಿ ನಷ್ಟಕ್ಕೆ 18,71,820 ರೂಪಾಯಿ. ಶೇ 20 ಎಂದರೆ 3,74,364. ಶೇ 60 ಎಂದರೆ 11,23,092. ಮಂಡಿ ಅದೇ, ಗಾಯ ಅದೇ. ಏಳೂವರೆ ಲಕ್ಷದ ಅಂತರವಿರುವುದು ವೈದ್ಯರು ಬರೆದ, ಬರೆಯದೆ ಬಿಟ್ಟ ಆ ಮೂರು ಸಾಲುಗಳಲ್ಲಿ.

ಇಷ್ಟನ್ನೂ ತೂಗುವ ಮೊದಲೇ ರಾಜಿ ಆಗಿಬಿಡುತ್ತದೆ. ಆಸ್ಪತ್ರೆಯ ಬಿಲ್ಲು, ಮನೆ ಬಾಡಿಗೆ, ಮಕ್ಕಳ ಫೀಸು ಎದುರಿಗಿರುವಾಗ ಕೈಗೆ ಬಂದ ದುಡ್ಡೇ ದೊಡ್ಡದು. ಹಕ್ಕು ಬಿಟ್ಟುಕೊಡುವ ಒಪ್ಪಂದ ಶೂನ್ಯ ಎಂದು ಹಳೆಯ ಕಾಯ್ದೆಯ 17ನೇ ಕಲಮು ಹೇಳಿತ್ತು. ಇಡಿಗಂಟಿನ ರಾಜಿಯನ್ನು ಆಯುಕ್ತರಲ್ಲಿ ನೋಂದಾಯಿಸಬೇಕು, ಮೊತ್ತ ಸಾಲದೆನಿಸಿದರೆ ಅವರು ನಿರಾಕರಿಸಬಹುದು ಎಂದು 28ನೇ ಕಲಮು. ಎಷ್ಟು ಒಳ್ಳೆಯ ಬೇಲಿ! ಆದರೆ ಸಾಲದು ಎಂದು ಆಯುಕ್ತರಿಗೆ ಅನಿಸಬೇಕಾದರೆ ಆ ವ್ಯಕ್ತಿ ಇನ್ನು ಯಾವ ಕೆಲಸ ಮಾಡಲಾರ ಎಂಬುದು ಕಾಗದದಲ್ಲಿ ಇರಬೇಕಲ್ಲ.

ಮೊತ್ತ ಕಡಿಮೆಯಾದರೂ ಜನ ಸಹಿ ಹಾಕುವುದು ಹೆಚ್ಚಾಗಿ 'ಲೈಟ್ ಡ್ಯೂಟಿ ಕೊಡ್ತೀವಿ' ಎಂಬ ಮಾತನ್ನು ನಂಬಿ. ಸರ್ಕಾರಿ ಸಂಸ್ಥೆಯಲ್ಲಿ ನೌಕರಿಯ ನಡುವೆ ಅಂಗವಿಕಲನಾದವನನ್ನು ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಗುತ್ತಿಗೆದಾರನ ಕೈಕೆಳಗೆ ಕಂಬಿ ಕಟ್ಟುವವನಿಗೆ ಆ ಆಸರೆಯಿಲ್ಲ. ಬಾಯಿಮಾತಿನ ಲೈಟ್ ಡ್ಯೂಟಿ ಕಟ್ಟಡ ಮುಗಿಯುವವರೆಗೆ. ಮುಂದಿನ ಸೈಟಿನ ಮೇಸ್ತ್ರಿ ಮೊದಲು ಕೇಳುವುದು, ಎಷ್ಟು ಭಾರ ಹೊರುತ್ತೀಯ ಎಂದು.