ಅವರದು ಕ್ಯಾಂಪಿಂಗ್, ಇವರದು ಅಲೆದಾಟ?

ಅಮೆರಿಕದ ಅರಿಝೋನಾ ರಾಜ್ಯದಲ್ಲಿ ಕ್ವಾರ್ಟ್ಝ್‌ಸೈಟ್ ಅಂತ ಒಂದು ಮರುಭೂಮಿ ಊರಿದೆ. ಚಳಿಗಾಲ ಬಂತಂದ್ರೆ ಹಿಮ ಬೀಳೋ ಸೀಮೆಯಿಂದ ರಿಟೈರ್ ಆದ ಗಂಡ-ಹೆಂಡ್ತಿ ಮನೆಯಂಥಾ ಗಾಡಿ ಓಡಿಸ್ಕೊಂಡು, ನಾಯಿಗಳನ್ನೂ ಕರ್ಕೊಂಡು ಅಲ್ಲಿಗೆ ಬಂದು ಠಿಕಾಣಿ ಹೂಡ್ತಾರೆ. 1983ರಿಂದ ಅಲ್ಲಿನ ಕೇಂದ್ರ ಸರ್ಕಾರವೇ ಇದಕ್ಕೆ ಸರ್ಕಾರಿ ಜಮೀನು ಬಿಟ್ಟಿದೆ. ಒಂದು ಪರ್ಮಿಟ್ ತಗೊಂಡ್ರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದು. ನೀರು ತುಂಬಿಸ್ಕೊಳ್ಳೋಕೆ ವ್ಯವಸ್ಥೆ ಇದೆ, ಕಸ ಹಾಕೋಕೂ ಇದೆ.

ಇದನ್ನ ನೋಡಿ ನಮ್ಮವರು "ಲೈಫ್ ಅಂದ್ರೆ ಇದಪ್ಪಾ!" ಅಂತಾರೆ. ನಮ್ಮ ಸರ್ಕಾರಕ್ಕೂ ಇದರ ಆಸೆ ಹತ್ತಿದೆ. ಕರ್ನಾಟಕದ 2020-25ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಜಾಗ ಸಿಕ್ಕಿತ್ತು.

ಸಂತೋಷ. ಈಗ ಸ್ವಲ್ಪ ನಮ್ಮ ಬಳಿಚಕ್ರದ ಕಡೆ ಬನ್ನಿ.

ತೊಗರಿ ರಾಶಿ ಮುಗಿದ ಹೊಲಗಳಲ್ಲಿ ಕುರಿಹಟ್ಟಿ ಬಿದ್ದಿರುತ್ತೆ. ಸುತ್ತ ಬಲೆ, ನಡುವೆ ಕುರಿ, ಕಾವಲಿಗೆ ನಾಲ್ಕು ನಾಯಿ. ಮಕ್ಕಳು ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರೆ ಹಟ್ಟಿಯಲ್ಲಿ ಉಳಿಯೋದು ಮುದುಕ-ಮುದುಕಿ ಇಬ್ಬರೇ. ಇವರಿಗೆ ರಿಟೈರ್‌ಮೆಂಟೂ ಇಲ್ಲ, ಪೆನ್ಷನ್ನೂ ಇಲ್ಲ. ಚಳಿಗೆ ಕಂಬಳಿ, ತೋಳಕ್ಕೆ ನಾಯಿ, ಅಷ್ಟೇ. ಇವರಿಗೆ ನಾವು ಕೊಡೋ ಸ್ವಾಗತ ಏನು ಗೊತ್ತಾ? "ಏ ಯಜಮಾನಾ, ಯಾವೂರು ನಿಂದು? ನಾಳಿ ಮುಂಜಾನಿ ಜಾಗಾ ಖಾಲಿ ಮಾಡಬೇಕು ನೋಡು!"

ಅವರದು ಕ್ಯಾಂಪಿಂಗ್, ಇವರದು ಅಲೆದಾಟ. ಹೆಂಗದ ನ್ಯಾಯ?

ನಾಯಿ ವಿಷಯಕ್ಕೇ ಬರೋಣ. ಉತ್ತರ ಕರ್ನಾಟಕದ ಕುರಿಗಾರರ ಜೊತೆ ಬೆಳೆದ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೈನ್ಯದವರು ತರಬೇತಿಗೆ ಅಂತ ಮೀರತ್‌ಗೆ ಒಯ್ದರು. ಒಳ್ಳೇದೇ ಆಯ್ತು. ಆದ್ರೆ ನಾಯಿಗೆ ಸಿಕ್ಕ ಮರ್ಯಾದೆ ನಾಯಿ ಸಾಕಿದವನಿಗೆ ಯಾಕೆ ಸಿಗಲಿಲ್ಲ ಸ್ವಾಮಿ?

"ಕುರಿ ಬೆಳಿ ಮೇಯ್ತಾವ್ರೀ" ಅಂತ ಕೆಲವರು ವಾದ ಮಾಡ್ತಾರೆ. ನಿಜ, ಒಮ್ಮೊಮ್ಮೆ ಮೇಯ್ತವೆ, ಬೆಳೆ ಹೋದ ರೈತನಿಗೆ ಸಿಟ್ಟು ಬರೋದೂ ಸಹಜ. ಆದ್ರೆ ಅದೇ ರೈತ ಬಿತ್ತನೆಗೆ ಮುಂಚೆ ದುಡ್ಡೋ ಕಾಳೋ ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸ್ಕೋತಾನಲ್ಲ? ಹಿಕ್ಕೆ, ಗಂಜಲ ಬಿದ್ದ ಹೊಲ ಹೆಂಗೆ ಬೆಳೆಯುತ್ತೆ ಅಂತ ಅವನಿಗೆ ಗೊತ್ತು. ಗೊಬ್ಬರ ಬೇಕು, ಕುರಿಗಾರ ಬೇಡ ಅಂದ್ರೆ ಆಗಲ್ಲ. ಮೇಯೋಕೆ ಬೇರೆ ಜಾಗ ಇದ್ದಿದ್ರೆ ಕುರಿ ಯಾಕೆ ಬೆಳೆಗೆ ಬಾಯಿ ಹಾಕ್ತಿತ್ತು?

ಆ ಜಾಗ ಎಲ್ಲಿ ಹೋಯ್ತು ಅನ್ನೋದೇ ನನ್ನ ಪ್ರಶ್ನೆ. ನಮ್ಮ ಭೂಕಂದಾಯ ನಿಯಮದ ಪ್ರಕಾರ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಒತ್ತುವರಿ ಆದ ಜಮೀನು ಸಕ್ರಮ ಮಾಡೋಕೆ ಫಾರಂ 50 ಬಂತು, ಆಮೇಲೆ 53, 2018ರಲ್ಲಿ 57. ಭೂಮಿ ಇಲ್ಲದ ಬಡವನಿಗೆ ಎರಡೆಕರೆ ಸಿಕ್ಕರೆ ನನ್ನ ತಕರಾರಿಲ್ಲ. ಆದ್ರೆ ಊರ ಸಾಹುಕಾರನೂ ಅದೇ ಸಾಲಲ್ಲಿ ನಿಲ್ತಾನಲ್ಲ, ಅದಕ್ಕೆ ಏನು ಹೇಳ್ತೀರಿ? ಊರ ಸಾರ್ವಜನಿಕ ಜಮೀನಿನ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಎಲ್ಲಾ ರಾಜ್ಯಗಳಿಗೆ ಹೇಳಿದೆ.

ಕುರಿ ಸತ್ತರೆ ಪರಿಹಾರ ಕೊಡೋಕೆ ಅನುಗ್ರಹ ಯೋಜನೆ ಇದೆಯಲ್ಲ ಅಂತೀರಾ? ಅದಕ್ಕೆ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು. ಪರ ತಾಲೂಕಿನ ಅಡವಿಯಲ್ಲಿ ರಾತ್ರಿ ಕುರಿ ಸತ್ತರೆ ಆ ಮುದುಕಪ್ಪ ಯಾರನ್ನ ಕರೀಬೇಕು? ಹಟ್ಟಿ ಬಿಟ್ಟು ಹೋದರೆ ಉಳಿದ ಕುರಿ ಕಾಯೋರು ಯಾರು?

ನಾನು ಕೇಳೋದು ದೊಡ್ಡದೇನಲ್ಲ. ಕುರಿಗಾರರು ವರ್ಷವೂ ಹಾಯ್ದು ಹೋಗೋ ದಾರಿಯ ಊರುಗಳಲ್ಲಿ ಗೋಮಾಳದ ಒಂದು ತುಂಡು ತಂಗೋಕೆ ಮೀಸಲಿಡಿ. ಅಲ್ಲೊಂದು ನೀರಿನ ತೊಟ್ಟಿ ಕಟ್ಟಿಸಿ. ಹತ್ತಿರದ ಪಶು ಆಸ್ಪತ್ರೆಯವರು, ಕುರಿ ಯಾವ ತಾಲೂಕಿನದೇ ಇರಲಿ, ಲಸಿಕೆ ಹಾಕಲಿ, ಸತ್ತರೆ ದಾಖಲೆ ಮಾಡಲಿ. ಕ್ಯಾರವಾನ್‌ನವರಿಗೆ ಕೊಡೋ ಯೋಚನೆ ಮಾಡಿದ್ದು ಇದನ್ನೇ ಅಲ್ವಾ, ಜಾಗ ಮತ್ತು ನೀರು?

ಮುಂದಿನ ಗ್ರಾಮಸಭೆಗೆ ಹೋದಾಗ ಎದ್ದು ನಿಂತು ಕೇಳಿ: ನಮ್ಮೂರ ಗೋಮಾಳದ ಸರ್ವೆ ನಂಬರ್ ಯಾವುದು, ಮೊದಲು ಎಷ್ಟು ಎಕರೆ ಇತ್ತು, ಈಗ ಎಷ್ಟು ಉಳಿದಿದೆ, ಮಿಕ್ಕಿದ್ದು ಯಾರ ಹೆಸರಲ್ಲಿದೆ?