ರಸೀದಿಗೆಂದು ಕೊಟ್ಟ ಸಂಖ್ಯೆ

ಹಾಸನದಲ್ಲಿ ಸೀರೆ ಕೊಳ್ಳಲಿ, ಹೊಳೆನರಸೀಪುರದಲ್ಲಿ ಮಿಕ್ಸರ್ ಕೊಳ್ಳಲಿ, ಗಲ್ಲೆಯ ಮುಂದೆ ನಿಂತ ಗಿರಾಕಿಗೆ ಮೊದಲು ಎದುರಾಗುವ ಪ್ರಶ್ನೆ ‘ಮೊಬೈಲ್ ನಂಬರ್ ಹೇಳಿ’ ಎಂಬುದು. ಗಿರಾಕಿ ಗಟ್ಟಿಯಾಗಿ ಹೇಳುತ್ತಾನೆ. ಹಿಂದೆ ನಿಂತವರೂ ಕೇಳಿಸಿಕೊಳ್ಳುತ್ತಾರೆ. ಅರಕಲಗೂಡಿನ ಮನೆಯಲ್ಲಿ ಕುಳಿತು ಫೋನಿನಲ್ಲೇ ಸರಕು ತರಿಸುವವರ ವಿಷಯದಲ್ಲಂತೂ ಕೊಂಡದ್ದಷ್ಟೇ ಅಲ್ಲ, ನೋಡಿ ಬಿಟ್ಟದ್ದೂ ದಾಖಲೆಗೆ ಸೇರುತ್ತದೆ.

‘ಅವರೇ ಕೊಟ್ಟ ಸಂಖ್ಯೆಗೆ ಯುಗಾದಿಯ ರಿಯಾಯಿತಿ ತಿಳಿಸಿದರೆ ತಪ್ಪೇನು?’ ಎಂಬುದು ವರ್ತಕರ ವಾದ. ಈ ವಾದ ನಿಲ್ಲತಕ್ಕದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಔಷಧದ ಅಂಗಡಿಯನ್ನೇ ಉದಾಹರಣೆಯಾಗಿ ಕೊಟ್ಟಿದೆ. ಹಣ ಸಂದಾಯವಾದುದನ್ನು ಫೋನಿಗೆ ತಿಳಿಸಿರೆಂದು ಗಿರಾಕಿ ತಾನಾಗಿಯೇ ಸಂಖ್ಯೆ ಕೊಟ್ಟರೆ, ರಸೀದಿ ಕಳುಹಿಸಲು ಅದನ್ನು ಬಳಸಬಹುದು. ಅಷ್ಟೇ. ಸಕ್ಕರೆ ಕಾಯಿಲೆಯ ಮಾತ್ರೆ ಒಯ್ದವರಿಗೆ ಮರುವಾರ ಕಷಾಯದ ಪುಡಿಯ ಜಾಹೀರಾತು ಕಳುಹಿಸಲು ಬೇರೆಯೇ ಸಮ್ಮತಿ ಬೇಕು. ಕೊಟ್ಟಷ್ಟೇ ಸುಲಭವಾಗಿ ಆ ಸಮ್ಮತಿಯನ್ನು ಹಿಂತೆಗೆದುಕೊಳ್ಳುವಂತಿರಬೇಕು. ಹದಿನೆಂಟು ತುಂಬದ ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ಕಳುಹಿಸುವುದಂತೂ ನಿಷಿದ್ಧ.

ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕರ್ತವ್ಯಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯಿತ್ತಿದ್ದಾರೆ. ಅವಧಿಯ ಮಾತನ್ನೇ ಹಿಡಿದು ಸುಮ್ಮನಿರುವವರು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ಓದಿಕೊಳ್ಳುವುದು ಒಳ್ಳೆಯದು. ಗ್ರಾಹಕನು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ವಿವರವನ್ನು ಪರರಿಗೆ ತಿಳಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎಂದೇ ಎಣಿಸಿದೆ. ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ತೀರ್ಪು ಹೊರಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಕನ್ನಡನಾಡಿನ ವರ್ತಕರಿಗೆ ಇದು ದೂರದ ಸುದ್ದಿಯಾಗಬಾರದಿತ್ತು.

ಶ್ರಾವಕ ವರ್ತಕನಿಗೆ ಕಾನೂನಿಗಿಂತ ಹಳೆಯ ಕಟ್ಟಳೆಯೊಂದಿದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಹೇಳುತ್ತದೆ. ಒಡವೆಯಿಟ್ಟವನು ಇಟ್ಟದ್ದೆಷ್ಟೆಂಬುದನ್ನು ಮರೆತು ಕಡಿಮೆ ಕೇಳಿದಾಗ, ತಿಳಿದೂ ಅಷ್ಟನ್ನೇ ಕೊಟ್ಟು ಉಳಿದುದನ್ನು ಇರಿಸಿಕೊಳ್ಳುವುದೇ ಆ ದೋಷ. ಗಿರಾಕಿಯೂ ತಾನು ಎಲ್ಲೆಲ್ಲಿ ಏನೇನು ಕೊಟ್ಟೆನೆಂಬುದನ್ನು ಮರೆತಿರುತ್ತಾನೆ. ಆ ಮರೆವಿನ ಮೇಲೆಯೇ ಈ ವ್ಯಾಪಾರ ನಡೆಯುತ್ತಿದೆ.

ಬಸದಿಗಳ ಟ್ರಸ್ಟುಗಳೂ ಇದರ ಹೊರಗಿಲ್ಲ. ದಾನಿಯ ಹೆಸರು, ವಿಳಾಸ, ದೂರವಾಣಿ, ಮನೆಯ ಹಿರಿಯರ ಪುಣ್ಯತಿಥಿ ಎಲ್ಲವೂ ಅಲ್ಲಿರುತ್ತವೆ. ಕೈಬರಹದ ಪುಸ್ತಕವಾಗಿದ್ದಷ್ಟು ದಿನ 2023ರ ಕಾಯಿದೆ ಅದನ್ನು ಮುಟ್ಟದು. ಕಂಪ್ಯೂಟರಿಗೆ ಏರಿಸಿದರೆ ಮುಟ್ಟುತ್ತದೆ. ಅಭಿಷೇಕದ ಸೇವೆಗೆಂದು ಚನ್ನರಾಯಪಟ್ಟಣದ ಗೃಹಿಣಿಯೊಬ್ಬಳು ಬರೆಸಿದ ಸಂಖ್ಯೆ ಆ ಸೇವೆಗಷ್ಟೇ. ಪಟ್ಟಿ ಕೇಳಿಕೊಂಡು ಬಂದ ನಿವೇಶನದ ವ್ಯಾಪಾರಿಗೆ ಕಾರ್ಯದರ್ಶಿಗಳು ಇಲ್ಲವೆನ್ನಬೇಕು, ಆತ ಜೀರ್ಣೋದ್ಧಾರಕ್ಕೆ ದೊಡ್ಡ ಮೊತ್ತ ಕೊಟ್ಟವನಾಗಿದ್ದರೂ.