ಪ್ರೊಫೈಲ್ ಇದೆ, ಕರೆ ಬರುತ್ತಿಲ್ಲ: ಊರ ಹತ್ತಿರದ ಕೆಲಸಕ್ಕೆ ಸಮಾಜದ ಮಕ್ಕಳು ಕಾಣಿಸುತ್ತಿಲ್ಲವೇಕೆ?

ಹುಬ್ಬಳ್ಳಿ, ಬೆಳಗಾವಿ, ಮೂಡುಬಿದಿರೆ, ಹಾಸನ, ಯಾವ ಊರಿನ ಬಸದಿಯ ಕಾರ್ಯಕ್ರಮದಲ್ಲಿ ನಾಲ್ಕು ಜನ ಪಾಲಕರು ಸೇರಿದರೂ ಈಗ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ. ಮಗ ಬಿ.ಇ. ಮುಗಿಸಿದ್ದಾನೆ, ಮಗಳು ಎಂ.ಕಾಂ. ಮಾಡಿದ್ದಾಳೆ, ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದು ಎರಡು ವರ್ಷವಾಯಿತು, ಒಂದು ಕರೆಯೂ ಬಂದಿಲ್ಲ. ಬಂದ ಕರೆಗಳೂ ಪುಣೆಯದು, ಹೈದರಾಬಾದಿನದು. ಮನೆಯಲ್ಲಿ ವಯಸ್ಸಾದ ಅಜ್ಜಿ, ಅಂಗಡಿ ನೋಡಿಕೊಳ್ಳುವ ಅಪ್ಪ ಒಬ್ಬರೇ. ಊರ ಹತ್ತಿರ ಕೆಲಸ ಸಿಕ್ಕಿದ್ದರೆ ಎಂಬ ಆಸೆ ಎರಡೂ ಕಡೆ ಇದೆ. ಆದರೆ ಹತ್ತಿರದ ಕಂಪನಿಯವರ ಕಣ್ಣಿಗೆ ಈ ಮಕ್ಕಳು ಬೀಳುತ್ತಿಲ್ಲ.

ಕಾಲವೂ ಬಿಗಿಯಾಗಿದೆ. 2023-24ರ ಆರ್ಥಿಕ ವರ್ಷದಲ್ಲಿ ಇನ್ಫೋಸಿಸ್‌ನ ಒಟ್ಟು ನೌಕರರ ಸಂಖ್ಯೆ ಸುಮಾರು 26 ಸಾವಿರ ಕಡಿಮೆಯಾಯಿತು, ಟಿಸಿಎಸ್‌ನಲ್ಲಿ 13 ಸಾವಿರ. ಹಿಂದಿನಂತೆ ಕಾಲೇಜಿಗೇ ಬಂದು ಬಸ್ಸು ತುಂಬ ಹುಡುಗರನ್ನು ಕರೆದೊಯ್ಯುವ ದಿನಗಳು ಈಗಿಲ್ಲ. ಇನ್ನೊಂದು ಕಡೆ, ರಾಜ್ಯ ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಯೋಜನೆ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕಡೆಗೆ ಕಂಪನಿಗಳನ್ನು ಎಳೆಯುವ ಪ್ರಯತ್ನದಲ್ಲಿದೆ. ಬೆಳಗಾವಿಯ ಫೌಂಡ್ರಿಗಳು, ಹತ್ತರಗಿಯ ವಿಮಾನ ಬಿಡಿಭಾಗಗಳ ಕೈಗಾರಿಕಾ ವಲಯ, ನಂಜನಗೂಡಿನ ಔಷಧ ಮತ್ತು ಆಹಾರ ಕಾರ್ಖಾನೆಗಳು, ಇವಕ್ಕೆಲ್ಲ ಲೆಕ್ಕ ನೋಡುವವರು, ಖರೀದಿ ನೋಡುವವರು, ಯಂತ್ರ ನೋಡುವವರು ಬೇಕು.

ಹಾಗಾದರೆ ಎಡವುತ್ತಿರುವುದು ಎಲ್ಲಿ? ನೇಮಕಾತಿ ಮಾಡುವವರು ಹುಡುಕುವ ರೀತಿ ತಿಳಿದರೆ ಅರ್ಧ ಉತ್ತರ ಸಿಗುತ್ತದೆ. ಅವರು ಯಾರ ಪ್ರೊಫೈಲನ್ನೂ ಮೊದಲು ಓದುವುದಿಲ್ಲ. ಕೆಲಸದ ಹೆಸರು, ಊರು, ಎಷ್ಟು ವರ್ಷದ ಅನುಭವ, ಈ ಮೂರನ್ನು ಹಾಕಿ ಸೋಸುತ್ತಾರೆ. ಸೋಸಿದ ಮೇಲೆ ಉಳಿದ ಪಟ್ಟಿಯಲ್ಲಿ ಮೊದಲ ಪುಟದವರನ್ನು ನೋಡುತ್ತಾರೆ. ಜರಡಿಯಲ್ಲೇ ಬಿದ್ದುಹೋದವನ ಅಂಕ ಶೇ. 90 ಇದ್ದರೂ ಅದು ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಊರಿನ ವಿಷಯ. ಹೆಚ್ಚಿನ ಮಕ್ಕಳು ಓದುವಾಗ ಬೆಂಗಳೂರು ಎಂದು ಹಾಕಿದ್ದನ್ನು ಹಾಗೇ ಬಿಟ್ಟಿರುತ್ತಾರೆ. ಕೆಲವರು ಬರೀ ‘ಇಂಡಿಯಾ’ ಎಂದು ಬಿಟ್ಟಿರುತ್ತಾರೆ. ಧಾರವಾಡದ ಕಾರ್ಖಾನೆಯವರು ಧಾರವಾಡ ಎಂದು ಹುಡುಕಿದಾಗ ಇವರು ಸಿಗುವುದಾದರೂ ಹೇಗೆ? ಇದರಲ್ಲಿ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಕಾಗದಪತ್ರದಲ್ಲಿ ಹುಬ್ಬಳ್ಳಿ, ಬೆಳಗಾವಿ ಬಂದರೂ ಹುಡುಕುವವರ ಬೆರಳು ಇನ್ನೂ ‘ಹುಬ್ಳಿ’, ‘ಬೆಳಗಾಂ’ ಎಂದೇ ಒತ್ತುತ್ತದೆ. ಸ್ಥಳದ ಅಂಕಣದಲ್ಲಿ ಅವರು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು, ನಿಜ. ಆದರೆ ತನ್ನ ಬಗ್ಗೆ ಬರೆಯುವ ಭಾಗದಲ್ಲಿ ಹಳೆಯದು ಹೊಸದು ಎರಡೂ ಕಾಗುಣಿತ ಬರುವಂತೆ ಒಂದು ವಾಕ್ಯ ಸೇರಿಸಿದರೆ ಯಾವ ನಷ್ಟವೂ ಇಲ್ಲ. ‘ಬೆಳಗಾವಿ, ಕೊಲ್ಹಾಪುರ, ಹುಬ್ಬಳ್ಳಿ ಸುತ್ತ ಕೆಲಸಕ್ಕೆ ಸಿದ್ಧ’ ಎಂದು ಸ್ಪಷ್ಟವಾಗಿ ಬರೆದವರಿಗೂ ಏನೂ ಬರೆಯದವರಿಗೂ ಬಹಳ ವ್ಯತ್ಯಾಸವಿದೆ.

ಹೆಸರಿನ ಕೆಳಗೆ ಬರುವ ಸಾಲಿಗೆ ಲಿಂಕ್ಡ್‌ಇನ್ 220 ಅಕ್ಷರಗಳ ಜಾಗ ಕೊಡುತ್ತದೆ. ಅಲ್ಲಿ ‘ಫ್ರೆಶರ್’ ಅಥವಾ ‘ಅವಕಾಶಕ್ಕಾಗಿ ಕಾಯುತ್ತಿದ್ದೇನೆ’ ಎಂದಷ್ಟೇ ಬರೆದವರು ಸಾವಿರಾರು ಜನ. ಅಂಗಡಿಯ ಬೋರ್ಡಿನ ಮೇಲೆ ‘ಗಿರಾಕಿ ಬೇಕಾಗಿದ್ದಾರೆ’ ಎಂದು ಯಾರೂ ಬರೆಸುವುದಿಲ್ಲ. ಒಳಗೆ ಏನು ಸಿಗುತ್ತದೆ ಎಂದು ಬರೆಸುತ್ತಾರೆ. ‘ಬಿ.ಕಾಂ., ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, ಹುಬ್ಬಳ್ಳಿ’ ಇಷ್ಟೇ ಇದ್ದರೂ ಹುಡುಕಾಟದಲ್ಲಿ ಹೆಸರು ಮೇಲೆ ಬರುವ ಸಾಧ್ಯತೆ ಹೆಚ್ಚು.

ಸಮಾಜದ ಮನೆಗಳಲ್ಲಿ ಆಗುತ್ತಿರುವ ದೊಡ್ಡ ತಪ್ಪು ಬೇರೆಯೇ ಇದೆ. ಎಷ್ಟೋ ಮಕ್ಕಳು ಪಿಯುಸಿಯಿಂದಲೇ ಸಂಜೆ ಹೊತ್ತು ಮನೆಯ ಅಂಗಡಿಯಲ್ಲಿ ಕೂತವರು. ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗ ಅಪ್ಪನಿಗೆ ಕಂಪ್ಯೂಟರ್ ಒಗ್ಗದೆ ಇಡೀ ಲೆಕ್ಕ ಮಗಳ ಕೈಗೆ ಬಂದ ಮನೆಗಳಿವೆ. ಪ್ರತಿ ತಿಂಗಳ 11ರೊಳಗೆ ಮಾರಾಟದ ವಿವರ, 20ರೊಳಗೆ ತೆರಿಗೆ ರಿಟರ್ನ್, ಪಾರ್ಟಿಗಳ ಬಾಕಿ ವಸೂಲಿ, ದಾಸ್ತಾನು ಪುಸ್ತಕ, ಎಲ್ಲವನ್ನೂ ನಾಲ್ಕೈದು ವರ್ಷ ನೋಡಿದ ಹುಡುಗಿ ಪ್ರೊಫೈಲ್‌ನಲ್ಲಿ ಅನುಭವ ‘ಇಲ್ಲ’ ಎಂದು ಬರೆಯುತ್ತಾಳೆ. ಕೇಳಿದರೆ, ‘ಅದು ಮನೆ ಕೆಲಸ ಅಲ್ವಾ’ ಎಂಬ ಉತ್ತರ. ಸಣ್ಣ ಕೈಗಾರಿಕೆಯ ಮಾಲೀಕ ಹುಡುಕುತ್ತಿರುವುದು ನಿಖರವಾಗಿ ಇದನ್ನೇ. ಅಂಗಡಿಯ ನೋಂದಾಯಿತ ಹೆಸರು, ವರ್ಷ, ಮಾಡಿದ ಕೆಲಸ, ತಿಂಗಳಿಗೆ ಸುಮಾರು ಎಷ್ಟು ಬಿಲ್ಲು, ಇಷ್ಟನ್ನು ಸತ್ಯವಾಗಿ ಬರೆದರೆ ಸಾಕು. ‘ಡೈರೆಕ್ಟರ್’, ‘ಸಿಇಒ’ ಎಂಬ ಹುದ್ದೆಗಳನ್ನು ತಾವೇ ತೊಡಿಸಿಕೊಳ್ಳುವುದು ಬೇಡ. ಅದನ್ನು ನೋಡಿದವರು ನಗುತ್ತಾರೆ, ಆಮೇಲೆ ಉಳಿದದ್ದನ್ನೂ ನಂಬುವುದಿಲ್ಲ.

ಸ್ವಯಂಸೇವೆಗೂ ಅಲ್ಲಿ ಪ್ರತ್ಯೇಕ ಜಾಗವಿದೆ. 2018ರಲ್ಲಿ ಶ್ರವಣಬೆಳಗೊಳದಲ್ಲಿ, 2024ರಲ್ಲಿ ವೇಣೂರಿನಲ್ಲಿ ನಡೆದ ಮಹಾಮಸ್ತಕಾಭಿಷೇಕಗಳಲ್ಲಿ ಊಟದ ವ್ಯವಸ್ಥೆ, ವಸತಿ ಹಂಚಿಕೆ, ವಾಹನ ನಿಲುಗಡೆ ನೋಡಿದ ಯುವಕರು ಅದನ್ನು ಬರೆಯಬಹುದು. ಬರೆಯುವಾಗ ಭಕ್ತಿಯ ವಿವರಕ್ಕಿಂತ ಕೆಲಸದ ವಿವರ ಇರಲಿ: ಎಷ್ಟು ದಿನ, ಎಷ್ಟು ಜನರ ತಂಡ, ಯಾವ ಜವಾಬ್ದಾರಿ.

ರೆಸ್ಯೂಮೆ ವಿಷಯಕ್ಕೆ ಬಂದರೆ, ಎಷ್ಟೋ ಮನೆಗಳಲ್ಲಿ ಅದು ಮದುವೆಯ ಬಯೋಡೇಟಾದ ಮಗುವೇ. ತಂದೆಯ ಉದ್ಯೋಗ, ಅಣ್ಣತಮ್ಮಂದಿರ ಸಂಖ್ಯೆ, ಜಾತಿ, ಎತ್ತರ, ಮನೆಯ ಪೂರ್ಣ ವಿಳಾಸ, ಕೆಲವೊಮ್ಮೆ ಆಧಾರ್ ಸಂಖ್ಯೆ ಕೂಡ! ಇವ್ಯಾವುವೂ ಕೆಲಸ ಕೊಡುವವನಿಗೆ ಬೇಡ. ಆಧಾರ್, ಪ್ಯಾನ್ ಸಂಖ್ಯೆಗಳನ್ನು ಜಾಲತಾಣದಲ್ಲಿ ಹಾಕುವುದು ಮೋಸಗಾರರಿಗೆ ಬಾಗಿಲು ತೆರೆದಂತೆ.

ಆದರೆ ಹೆಸರು ಮಾತ್ರ ಎಲ್ಲ ಕಡೆ ಒಂದೇ ಇರಬೇಕು. ಕರಾವಳಿಯಲ್ಲಿ ಹೆಗ್ಡೆ, ಬಲ್ಲಾಳ, ಇಂದ್ರ. ಬೆಳಗಾವಿ ಕಡೆ ಪಾಟೀಲ, ಉಪಾಧ್ಯೆ. ಹಾಸನ-ಮೈಸೂರು ಕಡೆ ತಂದೆಯ ಹೆಸರಿನ ಮೊದಲಕ್ಷರ, ಮುಂದೆ ‘ಜೈನ್’. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪ್ರೊಫೈಲ್‌ನಲ್ಲಿ ಇನ್ನೊಂದು. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯ ಹೊತ್ತಿಗೆ ಇದು ತೊಡಕಾಗುತ್ತದೆ. ಅಂಕಪಟ್ಟಿಯ ಹೆಸರನ್ನೇ ಎಲ್ಲ ಕಡೆ ಇಟ್ಟುಕೊಳ್ಳುವುದು ಸುಲಭ.

ಮದುವೆ, ಹೆರಿಗೆಯ ನಂತರ ಮತ್ತೆ ಕೆಲಸಕ್ಕೆ ಬರಬಯಸುವ ಹೆಣ್ಣುಮಕ್ಕಳು ನಡುವಿನ ಖಾಲಿ ವರ್ಷಗಳನ್ನು ಮುಚ್ಚಿಡಲು ಒದ್ದಾಡುತ್ತಾರೆ. 2022ರಿಂದ ಲಿಂಕ್ಡ್‌ಇನ್‌ನಲ್ಲಿ ಉದ್ಯೋಗದ ಬಿಡುವನ್ನು ಕಾರಣ ಸಹಿತ ತೋರಿಸುವ ವ್ಯವಸ್ಥೆಯೇ ಇದೆ. ಮುಚ್ಚಿಟ್ಟ ಮೂರು ವರ್ಷಕ್ಕಿಂತ ಹೇಳಿದ ಮೂರು ವರ್ಷ ಉತ್ತಮ. ಆ ಅವಧಿಯಲ್ಲಿ ಕಲಿತದ್ದೇನಾದರೂ ಇದ್ದರೆ ಅಲ್ಲೇ ಸೇರಿಸಬಹುದು.

ಈಗಾಗಲೇ ಕೆಲಸದಲ್ಲಿದ್ದು ಊರಿಗೆ ಮರಳಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಚಿತ್ರದ ಸುತ್ತ ಹಸಿರು ಪಟ್ಟಿ ಬರುವಂತೆ ಮಾಡಿದರೆ ಇಂದಿನ ಕಂಪನಿಯವರೂ ನೋಡುತ್ತಾರೆ. ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವ ಆಯ್ಕೆಯೂ ಇದೆ. ಅದರಲ್ಲೂ ಸ್ವಂತ ಕಂಪನಿಗೆ ತಿಳಿಯುವುದೇ ಇಲ್ಲ ಎಂಬ ಭರವಸೆಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ.

ಲಿಂಕ್ಡ್‌ಇನ್ ಒಂದನ್ನೇ ನೆಚ್ಚಿ ಕೂರುವುದೂ ಸರಿಯಲ್ಲ. 1997ರಿಂದ ನಡೆಯುತ್ತಿರುವ ನೌಕ್ರಿ.ಕಾಂನಲ್ಲಿ ಅಭ್ಯರ್ಥಿ ಕೊನೆಯದಾಗಿ ಯಾವಾಗ ಬಂದಿದ್ದ, ನೋಟಿಸ್ ಅವಧಿ ಎಷ್ಟು, ಯಾವ ಊರು ಬೇಕು ಎಂಬುದರ ಮೇಲೂ ಸೋಸುತ್ತಾರೆ. ಆರು ತಿಂಗಳಿಂದ ಮುಟ್ಟದ ಪ್ರೊಫೈಲ್ ಅಲ್ಲಿ ಇದ್ದೂ ಇಲ್ಲದಂತೆ. ವಾರಕ್ಕೊಮ್ಮೆ ತೆರೆದು ಒಂದು ಸಾಲು ತಿದ್ದಿದರೂ ಆಗುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣ 2015ರಿಂದ ಇದೆ, ರಾಜ್ಯದ ಕೌಶಲ್ಯ ಇಲಾಖೆಯ ಸ್ಕಿಲ್ ಕನೆಕ್ಟ್ ಇದೆ; ಡಿಪ್ಲೊಮಾ, ಐಟಿಐ ಮಾಡಿದವರು ಇವೆರಡನ್ನು ಮರೆಯಬಾರದು.

ಎಐ ಬಂದ ಮೇಲೆ ಒಂದು ಹೊಸ ರೋಗ ಅಂಟಿದೆ. ಎಲ್ಲರ ಪರಿಚಯವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ, ದೊಡ್ಡ ದೊಡ್ಡ ವಿಶೇಷಣಗಳು. ಇಂಗ್ಲಿಷ್ ತಿದ್ದಲು ಅದನ್ನು ಬಳಸಲಿ, ಅಡ್ಡಿಯಿಲ್ಲ. ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತು ಪ್ರೊಫೈಲ್‌ನಲ್ಲಿ ಇರಬಾರದು, ಅಷ್ಟೇ. ಭಾಷೆಗಳ ಅಂಕಣದಲ್ಲಿ ಮಾತ್ರ ಸಂಕೋಚ ಬೇಡ. ಕನ್ನಡದ ಜೊತೆ ಮರಾಠಿ ಬರುತ್ತದೆ, ತುಳು ಬರುತ್ತದೆ ಎಂಬುದು ಬೆಳಗಾವಿ, ಮಂಗಳೂರಿನ ಬ್ಯಾಂಕು, ವಿಮೆ, ಮಾರಾಟದ ಕೆಲಸಗಳಲ್ಲಿ ತೂಕವುಳ್ಳ ಮಾತು. ಇಂಗ್ಲಿಷ್, ಹಿಂದಿ ಎರಡನ್ನೇ ಬರೆದು ಸುಮ್ಮನಾಗುವವರೇ ಹೆಚ್ಚು.

ಪ್ರೊಫೈಲ್ ಸರಿಯಾದ ಮೇಲೆ ಕರೆಗಳು ಬರತೊಡಗಿದರೆ, ಅವುಗಳಲ್ಲಿ ಕಳ್ಳ ಕರೆಗಳೂ ಇರುತ್ತವೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳಿದವರೊಡನೆ ಮಾತು ಅಲ್ಲಿಗೇ ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಕೈ ಬದಲಿಸಿ ಹೋಗಿರುತ್ತದೆ.

ಇನ್ನು ಫೋನ್ ನಂಬರು. ಎಷ್ಟೋ ಪ್ರೊಫೈಲ್‌ಗಳಲ್ಲಿ ಇರುವುದು ಕಾಲೇಜು ಸೇರುವಾಗ ಕೊಟ್ಟ ತಂದೆಯ ನಂಬರು. ಕಂಪನಿಯವರು ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡುತ್ತಾರೆ. ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇರುವ ತಂದೆ, ಸಾಲ ಕೊಡುವವರ ಕರೆ ಎಂದುಕೊಂಡು ‘ಬೇಡ’ ಎಂದು ಇಟ್ಟುಬಿಡುತ್ತಾರೆ. ಮಗನಿಗೆ ಆ ಕರೆ ಬಂದದ್ದೇ ಗೊತ್ತಾಗುವುದಿಲ್ಲ.